ಜೀನಿನ ಕೆಳಗಿನ ಸುಳಿ

ಬನಹಟ್ಟಿಯ ಆ ಓಣಿಯಲ್ಲಿ ನಿಂಗಣ್ಣನ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲ ಮನೆಗಳಿಂದಲೂ ಮಗ್ಗದ ಖಟಪಟ ಬರುತ್ತಿತ್ತು. ಆ ಖಟಪಟದ ನಡುವೆ ಎಲ್ಲಿ ಕುದುರೆ ಕೆನೆಯುತ್ತದೋ ಅದು ನಿಂಗಣ್ಣನ ಮನೆ. ನಾಲ್ಕು ಪವರ್‌ಲೂಮು ಇಟ್ಟುಕೊಂಡು ಸೀರೆ ನೇಯುವವನಿಗೆ ಕುದುರೆ ಯಾತಕ್ಕೆ ಅಂತ ಕೇಳಿ ಕೇಳಿ ಓಣಿಯವರು ಸೋತಿದ್ದರು. ಅವನ ಅಪ್ಪನಿಗೂ ಇದೇ ಹುಚ್ಚಿತ್ತು. ಹುಚ್ಚು ಅಪ್ಪನಿಂದ ಬಂದರೆ ಜನ ಅದಕ್ಕೆ ಮನೆತನ ಅಂತ ಹೆಸರಿಡುತ್ತಾರೆ. ಲಗ್ನದ ದಿನಗಳಲ್ಲಿ ಮದುಮಗನನ್ನು ಮೆರೆಸಲು ರಬಕವಿ, ಜಮಖಂಡಿ, ಮುಧೋಳದ ಕಡೆಯಿಂದ ಕರೆ ಬರುತ್ತಿತ್ತು. ನಿಂಗಣ್ಣ ಮಗ್ಗ ಬಂದ್ ಮಾಡಿ, ರುಮಾಲು ಸುತ್ತಿ, ಕುದುರೆಯ ಲಗಾಮು ಹಿಡಿದು ಬ್ಯಾಂಡಿನ ಮುಂದೆ ನಡೆಯುವಾಗ ಮದುಮಗನಿಗಿಂತ ಅವನದೇ ಒಂದು ತೂಕ ಹೆಚ್ಚಿರುತ್ತಿತ್ತು.

ಈಗಿನ ಕುದುರೆಯ ಹೆಸರು ಅಬ್ಬಲಿ. ಅಬ್ಬಲಿ, ಅಂದರೆ ಕನಕಾಂಬರ ಹೂವಿನ ಬಣ್ಣದ ಹೆಣ್ಣು ಕುದುರೆ, ಎಳೆ ವಯಸ್ಸು. ಹುಟ್ಟಿದ್ದು ಇದೇ ಮನೆಯ ಕೊಟ್ಟಿಗೆಯಲ್ಲಿ. ಹುಟ್ಟಿದ ಎರಡೇ ತಿಂಗಳಿಗೆ ತಾಯಿ ಹೊಟ್ಟೆಶೂಲೆಯಿಂದ ಸತ್ತಾಗ, ಆಗಿನ್ನೂ ಸಾಲಿಗೆ ಹೋಗುತ್ತಿದ್ದ ಮಗಳು ನೇತ್ರಾ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಬದುಕಿಸಿಕೊಂಡಳು. ಈಗ ನೇತ್ರಾ ಜಮಖಂಡಿಯ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಸ್ಸಿಳಿದು ಬಂದವಳು ಮೊದಲು ಕೊಟ್ಟಿಗೆಗೆ, ಆಮೇಲೆ ಅಡುಗೆಮನೆಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವಳು ಹೆರದೆಯೇ ಕುದುರೆಗೆ ತಾಯಿಯಾಗಿದ್ದಾಳೆ ಅಂತ ಅವಳವ್ವ ದಾನಮ್ಮ ನಗುತ್ತಿದ್ದಳು. ಆದರೆ ಅಬ್ಬಲಿ ಕೆಟ್ಟಿರಲಿಲ್ಲ. ಬೆನ್ನ ಮೇಲೆ ಜೀನು ಬಿದ್ದ ಮೊದಲ ವರ್ಷ ಅದು ಹೊತ್ತ ಮದುಮಕ್ಕಳು ಯಾರೂ ಅಂಜಲಿಲ್ಲ. ಪಟಾಕಿ ಸಿಡಿದರೆ ಕಿವಿ ಅಲ್ಲಾಡಿಸುತ್ತಿತ್ತು, ಅಷ್ಟೇ.

ಆ ಜೀನು ನಿಂಗಣ್ಣನ ಅಪ್ಪನ ಕಾಲದ್ದು. ಕುರುಬರ ಕಡೆಯಿಂದ ಉಣ್ಣೆ ತಂದು, ಹಿಂಜಿ, ಅದರ ಕೆಳಗಿನ ಗಾದಿಗೆ ಅಪ್ಪ ತನ್ನ ಕೈಯಾರೆ ತುಂಬಿದ್ದ. ಈ ಸಲ ದೀಪಾವಳಿ ಮುಗಿದು ತುಳಸಿ ಲಗ್ನ ಹತ್ತಿರ ಬಂದಾಗ ನಿಂಗಣ್ಣ ಗಾದಿ ಬಿಚ್ಚಿ ನೋಡಿದರೆ ಉಣ್ಣೆಗೆ ನುಸಿ ಹತ್ತಿ ಪುಡಿಪುಡಿಯಾಗಿತ್ತು. ಮತ್ತೆ ಉಣ್ಣೆ ತರಿಸಿರಿ ಅಂತ ದಾನಮ್ಮ ಹೇಳಿದಳು. ನಿಂಗಣ್ಣನಿಗೆ ನಗು ಬಂತು. ನೇಕಾರನ ಮನೆಯಲ್ಲಿ ನೂಲಿಗೆ ಬರವೇ? ಸೀರೆ ಮುಗಿದು ಹಾಸು, ಅಂದರೆ ಮಗ್ಗದ ಉದ್ದೆಳೆ, ಕೊಯ್ದಾಗ ಉಳಿಯುವ ನೂಲಿನ ತುದಿಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಹಾಸಿನ ನೂಲಿಗೆ ಮಗ್ಗಕ್ಕೇರುವ ಮೊದಲೇ ಗಂಜಿ ಕುಡಿಸಿರುತ್ತಾರೆ, ಎಳೆ ಕಡಿಯಬಾರದು ಅಂತ. ಅದೇ ನೂಲನ್ನು ಬಿಡಿಸಿ, ಕೊಡವಿ, ಬೆರಳಿನಿಂದ ಹಿಂಜಿ ಗಾದಿಗೆ ತುಂಬಿದ. ಮೇಲೆ ತನ್ನದೇ ಮಗ್ಗದ ದಪ್ಪ ಬಟ್ಟೆ ಹೊಲಿದ. ಅಂಗೈಯಿಂದ ಒತ್ತಿ ನೋಡಿದ, ಹೂವಿನಂತಿತ್ತು. ಬನಹಟ್ಟಿಯಲ್ಲಿ ನೂಲನ್ನು ಎರಡು ಬೆರಳಲ್ಲಿ ತಿಕ್ಕಿ ಅದರ ಜಾತಕ ಹೇಳುವವನು ಅಂತ ಹೆಸರು ಪಡೆದ ಮನುಷ್ಯ ಅವನು. ಆ ಕೈ ತಪ್ಪು ಮಾಡೀತು ಅಂತ ಅವನಿಗೆ ಅನ್ನಿಸುವುದಾದರೂ ಹೇಗೆ?

ಮೊದಮೊದಲು ಏನೂ ಆಗಲಿಲ್ಲ. ಕೆಲವು ಲಗ್ನಗಳಾದ ಮೇಲೆ ಅಬ್ಬಲಿ ಜೀನು ಕಂಡರೆ ಪಕ್ಕಕ್ಕೆ ಸರಿಯತೊಡಗಿತು. ಹೊಟ್ಟೆಯ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಹಲ್ಲು ಕಿಸಿಯುತ್ತಿತ್ತು. ಒಂದು ಸಲ ನಿಂಗಣ್ಣನ ತೋಳನ್ನೇ ಕಚ್ಚಿತು. ಮೇಲೆ ಕೂತವರ ಭಾರ ಬಿದ್ದ ಕೂಡಲೇ ಬೆನ್ನನ್ನು ಒಳಕ್ಕೆ ಎಳೆದುಕೊಂಡು ಸೆಟೆದು ನಿಲ್ಲುತ್ತಿತ್ತು, ಆಮೇಲೆ ಹಿಂಗಾಲು ಎತ್ತಿ ಒಗೆಯುತ್ತಿತ್ತು. ನಿಂಗಣ್ಣ ಇದಕ್ಕೆ ನಾಟಕ ಅಂತ ಹೆಸರಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೆಲಸ ಬೇಡವಾದ ಕುದುರೆಗೆ ಎಲ್ಲವೂ ನೆವ ಅಂದ. ಗಾದಿ ಗಟ್ಟಿಯಾಗಿದ್ದು ಅವನ ಗಮನಕ್ಕೆ ಬಾರದೇ ಇರಲಿಲ್ಲ. ಬಂದಿತ್ತು. ಈಗ ಗಾದಿ ಚೊಲೊ ಕೂತೈತಿ ನೋಡು ಅಂತ ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳಿದ್ದ.

ಆಗಬಾರದ್ದು ಆದದ್ದು ಜಮಖಂಡಿಯಲ್ಲಿ, ಅವರ ದೂರದ ಸಂಬಂಧಿ ವೀರೇಶನ ಲಗ್ನದಲ್ಲಿ. ಮೆರವಣಿಗೆ ಹೊರಟು ಬ್ಯಾಂಡು ಶುರುವಾಗುವ ಹೊತ್ತಿಗೆ ವೀರೇಶ, ದಪ್ಪನೆಯ ಹುಡುಗ, ಜೀನಿನ ಮೇಲೆ ಸರಿಯಾಗಿ ಕೂರಲು ಒಮ್ಮೆ ಮೈ ಕುಲುಕಿದ. ಅಬ್ಬಲಿ ಬಿಲ್ಲಿನಂತೆ ಬಾಗಿ ಹಾರಿತು. ಮದುಮಗ ಕುಣಿಯುತ್ತಿದ್ದ ಗೆಳೆಯರ ಹೆಗಲ ಮೇಲೆ ಬಿದ್ದ, ಬಾಸಿಂಗ ಚರಂಡಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗುಂಪಿನಲ್ಲಿ ಒಬ್ಬ, ನಿಂಗಣ್ಣನ ಕುದುರಿಗೆ ಅಳಿಯ ಪಸಂದ ಬರಲಿಲ್ಲ ಅಂದ. ಇಡೀ ಮೆರವಣಿಗೆ ನಕ್ಕಿತು. ನಿಂಗಣ್ಣನೂ ನಕ್ಕ. ಹಾಗೆ ನಕ್ಕ ಗಂಡಸು ಮನೆಗೆ ಬಂದು ಏನು ಮಾಡುತ್ತಾನೆ ಅನ್ನುವುದು ಮನೆಯವರಿಗೆ ಗೊತ್ತಿರುತ್ತದೆ.

ಅಂಗಳದ ಬೇವಿನ ಗಿಡಕ್ಕೆ ಕಟ್ಟಿ, ಜೀನನ್ನೂ ಇಳಿಸದೆ, ಬಾರಕೋಲು ತೆಗೆದುಕೊಂಡ. ಹೊಡೆತ ಬಿದ್ದಾಗೊಮ್ಮೆ ಅಬ್ಬಲಿ ಗಿಡದ ಸುತ್ತ ತಿರುಗಿ ಹಗ್ಗ ಮೋಟಾಗಿ, ಕೊನೆಗೆ ಮೂತಿ ಬೊಡ್ಡೆಗೆ ತಾಗಿ ತಿರುಗಲೂ ಆಗದೆ ನಿಂತಿತು. ಆಮೇಲೂ ಅವನು ಹೊಡೆದ. ನೇತ್ರಾ ಓಡಿಬಂದು ಅವನ ಕೈಗೆ ಜೋತುಬಿದ್ದಳು.

"ಬಡೀಬ್ಯಾಡಪಾ. ಆಕಿಗೆ ಎಲ್ಲೋ ನೋವ ಐತಿ. ಬರೇ ಬೆನ್ನ ಮ್ಯಾಲೆ ನಾ ಕುಂತ್ರ ಸುಮ್ಮ ನಡೀತಾಳ. ಜೀನ ಕಂಡ್ರ ಅಷ್ಟ ಅಂಜತಾಳ."

"ನೀ ಹಗರ ಅದಿ, ಅದಕ್ಕ ನಡೀತಾಳ. ಮುದ್ದು ಮಾಡಿ ಮಾಡಿ ನೀನ ಕೆಡಿಸಿಟ್ಟಿ," ಅಂದ ನಿಂಗಣ್ಣ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದಿದ್ದ. ಆ ಮಾತು ಮಗಳ ಎದೆಯೊಳಗೆ ಹೋಗಿ ಕೂತಿತು ಅನ್ನುವುದು ಅವನಿಗೆ ಆಗ ತಿಳಿಯಲಿಲ್ಲ.

ವಾರದೊಳಗೆ, ನಿಂಗಣ್ಣ ಕರೆಸಿದ್ದಕ್ಕೆ, ಮುಧೋಳದಿಂದ ರೇವಪ್ಪ ಬಂದ. ಕುದುರೆ ಕೊಡಿಸುವ, ಮಾರಿಸುವ ದಲ್ಲಾಳಿ. ಕುದುರೆಯ ಮೈಮೇಲಿನ ಸುಳಿ ನೋಡಿ ಅದರ ಗುಣ, ಮಾಲೀಕನ ಭಾಗ್ಯ ಎರಡನ್ನೂ ಹೇಳುವವನು. ಆ ಸೀಮೆಯಲ್ಲಿ ಕುದುರೆ ಕೊಳ್ಳುವ ಎಲ್ಲರೂ ಹಲ್ಲು ನೋಡುವ ಮುಂಚೆ ಸುಳಿ ನೋಡುತ್ತಾರೆ. ಅಬ್ಬಲಿಯ ಹಣೆ, ಕತ್ತು, ಎದೆ ಎಲ್ಲ ನೋಡಿ ತಲೆಯಾಡಿಸಿದ ರೇವಪ್ಪ, ಜೀನು ಕೂರುವ ಜಾಗಕ್ಕೆ ಬಂದು ನಿಂತುಬಿಟ್ಟ. ಬೆನ್ನೆಲುಬಿನ ಎಡಕ್ಕೆ, ರೂಪಾಯಿಯಷ್ಟಗಲ, ಕೂದಲು ಸುತ್ತ ತಿರುಗಿ ಸುಳಿಯಾಗಿತ್ತು. ಅವನು ಅದರ ಮೇಲೆ ಬೆರಳಿಟ್ಟ. ಅಬ್ಬಲಿ ನೆಲಕ್ಕೆ ಕುಸಿಯುವಂತೆ ಬೆನ್ನಿಳಿಸಿ ನರಳಿತು.

ರೇವಪ್ಪ ಕೈ ಹಿಂದಕ್ಕೆ ತೆಗೆದುಕೊಂಡು, ಸುಳಿ ಮುಟ್ಟಿದರೇ ಹೀಗೆ ದೆವ್ವ ಬಂದಂತೆ ಮಾಡುತ್ತದಲ್ಲ, ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು ಅಂದ. ಜೀನಿನ ಕೆಳಗಿನ ಸುಳಿ ಕುದುರೆಯ ಮೇಲಿದ್ದವನನ್ನೂ ಕೆಡವುತ್ತದೆ, ಕಟ್ಟಿಕೊಂಡವನನ್ನೂ ಕೆಡವುತ್ತದೆ ಅಂದ. ಈ ಸುಳಿ ಮೊದಲು ಇರಲೇ ಇಲ್ಲ, ಇಷ್ಟು ವರ್ಷ ಈ ಬೆನ್ನು ತಿಕ್ಕಿದವಳು ನಾನು ಅಂತ ನೇತ್ರಾ ವಾದಿಸಿದಳು. ಕೆಲವು ಸುಳಿ ಹುಟ್ಟಿನಿಂದಲೇ ಒಳಗಿರುತ್ತವೆ, ವಯಸ್ಸಿಗೆ ಬಂದಾಗ ಹೊರಬೀಳುತ್ತವೆ ಅಂತ ರೇವಪ್ಪ ಸಮಾಧಾನವಾಗಿ ಉತ್ತರಿಸಿದ. ಇಂಥವರ ಹತ್ತಿರ ಉತ್ತರಕ್ಕೆ ಎಂದೂ ಕೊರತೆಯಿರುವುದಿಲ್ಲ.

ನಿಂಗಣ್ಣನಿಗೆ ಹೆದರಿಕೆಗಿಂತ ಹೆಚ್ಚಾಗಿ ಹಗುರವಾಯಿತು ಅನ್ನುವುದೇ ನಿಜ. ಸುಳಿ ಕೆಟ್ಟದ್ದಾದರೆ ತಾನು ಹೊಡೆದದ್ದೂ ತಪ್ಪಲ್ಲ, ಮೆರವಣಿಗೆಯಲ್ಲಿ ನಗೆಗೀಡಾದದ್ದೂ ತನ್ನ ತಪ್ಪಲ್ಲ. ಹಣೆಬರಹದ ಮೇಲೆ ಹೊರಿಸಿದ ತಪ್ಪು ತಿರುಗಿ ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ.

ನೇತ್ರಾ ಬಿಡಲಿಲ್ಲ. ಯಾರನ್ನೋ ಕೇಳಿ, ದನಗಳ ಡಾಕ್ಟರ್ ಮಹಾದೇವಿಯವರಿಗೆ ತಾನೇ ಫೋನು ಮಾಡಿದಳು. ಅವರು ಬಂದ ದಿನ ಅವಳಿಗೆ ಪರೀಕ್ಷೆಯಿತ್ತು. ಹಾಗಾಗಿ ಅಂಗಳದಲ್ಲಿ ಇದ್ದದ್ದು ನಿಂಗಣ್ಣ ಒಬ್ಬನೇ. ಡಾಕ್ಟರು ಅಬ್ಬಲಿಯನ್ನು ನಡೆಸಿದರು, ತಿರುಗಿಸಿದರು, ಕಾಲು ಎತ್ತಿ ನೋಡಿದರು. ಆಮೇಲೆ ಕತ್ತಿನ ಬುಡದಿಂದ ಹಿಡಿದು ಬೆನ್ನುದ್ದಕ್ಕೂ ಬೆರಳು ಒತ್ತುತ್ತ ಬಂದರು. ಸುಳಿಯ ಹತ್ತಿರ ಅದು ಮತ್ತೆ ಕುಸಿಯಿತು. ಬಲಗಡೆಯೂ ಅದೇ ಜಾಗಕ್ಕೆ ಒತ್ತಿದರು, ಅಲ್ಲೂ ಕುಸಿಯಿತು, ಅಲ್ಲಿ ಸುಳಿ ಇರಲಿಲ್ಲ.

"ಇದು ಸುಳಿ ಅಲ್ಲರೀ. ಏನೋ ಒತ್ತಿ ಒತ್ತಿ ಕೂದಲಾ ತಿರುಗ್ಯಾವು, ಒಳಗ ಬಾವು ಐತಿ. ಜೀನ ತರ್ರಿ, ನೋಡೂಣು."

ಜೀನು ಬಾಗಿಲ ಹಿಂದೆ ಗೂಟಕ್ಕೆ ನೇತುಬಿದ್ದಿತ್ತು. ನಿಂಗಣ್ಣ ಆ ಬಾಗಿಲನ್ನೇ ನೋಡುತ್ತ, ಜೀನು ಮನೆಯಲ್ಲಿಲ್ಲ, ರಬಕವಿಯ ಒಂದು ಲಗ್ನಕ್ಕೆ ಒಯ್ದಿದ್ದಾರೆ ಅಂದುಬಿಟ್ಟ. ಯಾಕೆ ಹಾಗಂದ ಅಂತ ಕೇಳಿದರೆ ಆ ಗಳಿಗೆಯಲ್ಲಿ ಅವನಿಗೂ ಗೊತ್ತಿರಲಿಲ್ಲ. ತಾನು ತುಂಬಿದ ನೂಲಿನೊಳಗೆ, ತನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಾದ ಒಬ್ಬಾಕೆ ಕೈ ಹಾಕಿ ತಪ್ಪು ಹುಡುಕುವುದು ಬೇಡವಾಗಿತ್ತು, ಅಷ್ಟೇ. ಹೊಡೆದ ವಿಷಯವನ್ನೂ ಹೇಳಲಿಲ್ಲ. ಡಾಕ್ಟರು ಇಂಜೆಕ್ಷನ್ ಮಾಡಿ, ಪುಡಿ ಕೊಟ್ಟು, ಮೂರು ವಾರ ಬೆನ್ನ ಮೇಲೆ ಏನೂ ಹಾಕಬೇಡಿ, ಜೀನು ಬಂದ ಮೇಲೆ ನನಗೆ ತೋರಿಸದೆ ಮತ್ತೆ ಕಟ್ಟಬೇಡಿ ಅಂತ ಹೇಳಿ ಹೋದರು.

ಸಂಜೆ ಬಸ್ಸಿಳಿದು ಬಂದ ನೇತ್ರಾ ಕೇಳಿದ ಮೊದಲ ಮಾತು ಅದೇ. "ಡಾಕ್ಟರ್ ಜೀನ ನೋಡಿದ್ರೇನು?"

"ನೋಡಿದ್ರು," ಅಂದ ನಿಂಗಣ್ಣ. "ಜೀನಿಂದು ಏನೂ ಇಲ್ಲ ಅಂದ್ರು. ಸ್ವಲ್ಪ ಬಾವು ಐತಂತ, ಪುಡಿ ಕೊಟ್ಟಾರ."

ಒಂದು ಸುಳ್ಳು ಮುಚ್ಚಲು ಇನ್ನೊಂದು. ಎರಡನೆಯದು ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ಪುಡಿ ತಿಂದು, ಬೆನ್ನು ಖಾಲಿ ಉಳಿದು ಅಬ್ಬಲಿ ಮೊದಲಿನಂತಾಯಿತು. ಅಂಗಳದಲ್ಲಿ ಮರಿಯಂತೆ ಕುಪ್ಪಳಿಸಿತು, ಧೂಳಿನಲ್ಲಿ ಬೆನ್ನು ಹಾಕಿ ಹೊರಳಾಡಿತು. ನೇತ್ರಾಳ ಮುಖ ಅರಳಿತ್ತು. ಮೂರು ವಾರ ಮುಗಿದ ಮೇಲೆ ನಿಂಗಣ್ಣ ಜೀನು ಕಟ್ಟಿ ತಾನೇ ಏರಿದ. ಓಣಿಯ ತುದಿ ಮುಟ್ಟುವ ಮೊದಲೇ ಅಬ್ಬಲಿ ಅವನನ್ನು ನೂಲಿನ ಗೋದಾಮಿನ ಗೋಡೆಗೆ ಒಗೆಯಿತು.

ಮೊಣಕೈ ತರಚಿಕೊಂಡು ಬಂದ ನಿಂಗಣ್ಣ ಸಿಟ್ಟು ಮಾಡಲಿಲ್ಲ. ಲೆಕ್ಕ ಬಗೆಹರಿದವನಂತೆ ಕಟ್ಟೆಯ ಮೇಲೆ ಕೂತು ಮಗಳಿಗೆ ತಿಳಿಸಿ ಹೇಳಿದ. ಔಷಧ ಆಯಿತು, ವಿಶ್ರಾಂತಿ ಆಯಿತು, ಬಾವು ಇಳಿಯಿತು. ಜೀನು ಚೆನ್ನಾಗಿದೆ ಅಂತ ಡಾಕ್ಟರೇ ಹೇಳಿದ್ದಾರೆ. ನೋವು ಹೋದ ಮೇಲೂ ಹಾರುತ್ತದೆ ಅಂದರೆ ಅದು ನೋವಲ್ಲ, ಕೆಟ್ಟ ಚಾಳಿ. ನೇತ್ರಾ ಅಪ್ಪನ ಮಾತಿನಲ್ಲಿ ಎಲ್ಲಿ ಬಿರುಕಿದೆ ಅಂತ ಹುಡುಕಿದಳು. ಸಿಗಲಿಲ್ಲ. ಹೇಗೆ ಸಿಕ್ಕೀತು? ಬಿರುಕು ಇದ್ದದ್ದು ಅವನ ಸುಳ್ಳಿನಲ್ಲಿ, ಅದನ್ನು ಅವಳು ನಿಜವೆಂದು ನಂಬಿಯಾಗಿತ್ತು.

"ಹಂಗಾರ ನಂದ ತಪ್ಪ ಅಪ್ಪಾ," ಅಂದಳು. "ನೀ ಮದ್ಲ ಹೇಳಿದ್ದಿ. ನಾನ ಮುದ್ದು ಮಾಡಿ ಕೆಡಿಸಿದೆ ಆಕಿನ್ನ."

ನಿಂಗಣ್ಣ ಅವಳ ತಲೆ ಸವರಿದ. ಇರಲಿ ಬಿಡವ್ವಾ ಅಂದ. ದೊಡ್ಡ ಮನಸ್ಸಿನಿಂದ ಕ್ಷಮಿಸಿದ.

ಅಬ್ಬಲಿಯನ್ನು ಕೊಂಡವನು ಬಾಡಗಂಡಿಯ ಪಾಯಪ್ಪ. ತೇರದಾಳದ ಕಡೆಯ ಜೈನರ ಮನೆತನ, ಬಾಡಗಂಡಿಯಲ್ಲಿ ಕಬ್ಬಿನ ತೋಟ ಮಾಡಿಕೊಂಡಿದ್ದ. ತೋಟ ಸುತ್ತಲು ಒಂದು ಕುದುರೆ ಬೇಕಿತ್ತು. ಸುಳಿಯ ವಿಷಯವನ್ನು ನಿಂಗಣ್ಣ ಮುಚ್ಚಿಡಲಿಲ್ಲ, ಆ ಮಟ್ಟಿಗೆ ಅವನು ಪ್ರಾಮಾಣಿಕ. ಪಾಯಪ್ಪ ನಕ್ಕು, ಸುಳಿಗೆ ತನ್ನ ಹೊಲದಲ್ಲಿ ಏನು ಕೆಲಸ ಅಂದ. ಕಳಿಸುವಾಗ ನಿಂಗಣ್ಣ ಗೂಟದ ಮೇಲಿದ್ದ ಜೀನನ್ನೂ ತಂದು ಗಾಡಿಯಲ್ಲಿಟ್ಟ. ಅಪ್ಪನ ಕಾಲದ್ದು, ಇದೂ ನಿಮಗೇ ಇರಲಿ ಅಂದ. ನೇತ್ರಾ ಹೊರಗೆ ಬರಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ದಾನಮ್ಮ ಬಚ್ಚಲ ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು. ಗಾದಿಗೆ ತುಂಬಿ ಉಳಿದಿದ್ದ ಹಾಸಿನ ನೂಲನ್ನು ಒಂದು ಚೀಲದಲ್ಲಿ ಹಾಕಿ ಒಲೆಯ ಪಕ್ಕದಲ್ಲಿಟ್ಟಿದ್ದಳು, ಬೆಂಕಿ ಹಚ್ಚಲು ಬರುತ್ತದೆ ಅಂತ. ದಿನಾ ಸ್ನಾನದ ನೀರು ಸಿಡಿದು ನೆನೆದು, ದಿನಾ ಒಲೆಯ ಕಾವಿಗೆ ಒಣಗಿ, ಈಗ ಎಳೆ ಬಿಡಿಸಲು ಬರುತ್ತಿರಲಿಲ್ಲ. ಬೇಸತ್ತು ಒಂದು ಮುದ್ದೆಯನ್ನು ಅಂಗಳಕ್ಕೆ ಎಸೆದಳು. ಅದು ಕಲ್ಲಿನ ಮೇಲೆ ಟಣ್ ಅಂತ ಬಿತ್ತು, ತೆಂಗಿನ ಚಿಪ್ಪು ಬಿದ್ದ ಹಾಗೆ.

ಹಲ್ಲುಜ್ಜುತ್ತ ನಿಂತಿದ್ದ ನಿಂಗಣ್ಣ ಅದನ್ನು ಎತ್ತಿಕೊಂಡ. ತಿಕ್ಕಿ ನೋಡಬೇಕಾಗಲಿಲ್ಲ. ನೂಲು ಕುಡಿದ ಗಂಜಿ ನೀರು ಮುಟ್ಟಿದರೆ ಏನಾಗುತ್ತದೆ, ಒಣಗಿದರೆ ಏನಾಗುತ್ತದೆ ಅನ್ನುವುದು ನೇಕಾರರ ಓಣಿಯ ಕೂಸಿಗೂ ಗೊತ್ತು. ಕುದುರೆಯ ಬೆನ್ನು ಬೆವರುತ್ತದೆ ಅನ್ನುವುದೂ ಗೊತ್ತು. ಎರಡೂ ಗೊತ್ತಿದ್ದವನು ಎರಡನ್ನೂ ಒಂದು ಕಡೆ ಇಟ್ಟು ನೋಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇವನು ಅದಕ್ಕಿಂತ ಕಡೆ, ಬರೆ ಎಳೆದು ಜ್ವರ ತರಿಸಿ, ಜ್ವರ ಬಂತೆಂದು ಮತ್ತೆ ಬರೆ ಎಳೆದಿದ್ದ. ಬೇವಿನ ಬೊಡ್ಡೆಗೆ ಮೂತಿ ಹಚ್ಚಿ ನಿಂತ ಅಬ್ಬಲಿ ಕಣ್ಣಿಗೆ ಬಂತು. ಅವತ್ತು ಹೊಡೆಯುವಾಗ ಜೀನು ಅದರ ಬೆನ್ನ ಮೇಲೇ ಇತ್ತು. ಅವನಿಗೆ ಬಾಯಿ ತೊಳೆಯುವುದೂ ನೆನಪಾಗಲಿಲ್ಲ.

ಮೊದಲು ಮಾಡಿದ ಕೆಲಸ ಪಾಯಪ್ಪನಿಗೆ ಫೋನು. ಜೀನು ಹಾಕಿದರೆ ಕುದುರೆ ನಿಲ್ಲುವುದಿಲ್ಲ ಅಂತ ಅವನು ತಾನಾಗೇ ಹೇಳಿದ. ಸದ್ಯ ಹಾಕಬೇಡಿ, ನಾನು ಬಂದು ಹೇಳುತ್ತೇನೆ ಅಂತ ನಿಂಗಣ್ಣ ಫೋನು ಇಟ್ಟ. ಕುದುರೆಯ ಬೆನ್ನಿನ ಕೆಲಸ ಅಲ್ಲಿಗೆ ಮುಗಿಯಿತು. ಮಗಳಿಗೆ ಹೇಳುವ ಕೆಲಸ ಮುಗಿಯಲಿಲ್ಲ. ಇವತ್ತು ಹೇಳೋಣ ಅಂದುಕೊಳ್ಳುವನು, ಅವಳು ಓದುತ್ತಿರುವಳು. ನಾಳೆ ಅನ್ನುವನು, ಅವಳಿಗೆ ತಲೆನೋವು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವಳು ಅಪ್ಪಾ ಅಂತ ಕರೆದರೂ ಬೆಚ್ಚಿಬೀಳುತ್ತಿದ್ದ. ಮಗ್ಗದ ಮುಂದೆ ನಿಂತು ಎಳೆ ಕಡಿದದ್ದು ಕಾಣದೆ ಅರ್ಧ ಸೀರೆ ಹಾಳು ಮಾಡಿದ. ತಡೆಯಲಾರದೆ ಹೆಂಡತಿಗೆ ಹೇಳಿದ, ನೂಲಿನದೂ ಹೇಳಿದ, ಸುಳ್ಳಿನದೂ ಹೇಳಿದ. ದಾನಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ಅವನ ಮುಖ ನೋಡಿದಳು. ನನ್ನ ಮುಂದೆ ಹೇಳಿ ಏನು ಬಂತು, ಯಾರು ತಪ್ಪು ಹೊತ್ತುಕೊಂಡು ತಿರುಗುತ್ತಿದ್ದಾಳೋ ಅವಳ ಮುಂದೆ ಹೇಳಿರಿ ಅಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅವನನ್ನು ಹೊರಡಿಸಿದ್ದು ಊಟದ ಹೊತ್ತಿನ ಒಂದು ಮಾತು. ಪಕ್ಕದ ಮನೆಯ ಅನಸವ್ವ ಒಂದು ನಾಯಿಮರಿ ಕೊಡುತ್ತೇನೆ ಅಂದಿದ್ದಳು, ಮುಧೋಳದ ಜಾತಿ ಮರಿ. ಮನೆ ಬಿಕೋ ಅನ್ನುತ್ತದೆ, ತೊಗೊ ಅಂತ ದಾನಮ್ಮ ಒತ್ತಾಯ ಮಾಡುತ್ತಿದ್ದಳು.

"ಬ್ಯಾಡಬೇ," ಅಂದಳು ನೇತ್ರಾ, ತಟ್ಟೆ ನೋಡುತ್ತ. "ನನ್ನ ಕೈಯಾಗ ಪ್ರಾಣಿ ಕೆಡತಾವ."

ನಿಂಗಣ್ಣ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಕೈ ತೊಳೆದುಕೊಂಡು, ನಾಳೆ ಬಾಡಗಂಡಿಗೆ ಹೋಗೋಣ, ಅಬ್ಬಲಿಯನ್ನು ನೋಡಿ ಬರೋಣ ಅಂದ. ಅಲ್ಲೇ ಕೂತು ಹೇಳಬಹುದಿತ್ತು. ಆದರೆ ಕುದುರೆ ಎದುರಿಗಿದ್ದರೆ, ಅದನ್ನು ವಾಪಸು ತರುವ ಮಾತೂ ಜೊತೆಗಿದ್ದರೆ, ಮಗಳು ಬೇಗ ಕ್ಷಮಿಸಿಯಾಳು ಅಂತ ಅವನ ಒಳಮನಸ್ಸು ಲೆಕ್ಕ ಹಾಕಿತ್ತು. ತಪ್ಪು ಒಪ್ಪಿಕೊಳ್ಳುವಾಗಲೂ ಮನುಷ್ಯ ವ್ಯಾಪಾರ ಬಿಡುವುದಿಲ್ಲ.

ಜಮಖಂಡಿ ದಾಟಿ ಬೀಳಗಿಯ ರಸ್ತೆ ಹಿಡಿದಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬೈಕಿನ ಹಿಂದೆ ಕೂತ ನೇತ್ರಾ ಅವನ ಹೆಗಲು ಹಿಡಿದುಕೊಂಡಿದ್ದಳು. ನನ್ನ ಗುರುತು ಹಿಡಿಯುತ್ತಾಳೋ ಇಲ್ಲವೋ ಅಂತ ಅವಳು ಕೇಳಿದಳು. ಹಿಡಿಯುತ್ತಾಳೆ ಬಿಡು ಅಂದ ನಿಂಗಣ್ಣ.

ಪಾಯಪ್ಪನ ತೋಟದ ತಗಡಿನ ಕೊಟ್ಟಿಗೆಯಲ್ಲಿ ಅಬ್ಬಲಿ ಕಬ್ಬಿನ ಸೋಗೆ ತಿನ್ನುತ್ತ ನಿಂತಿತ್ತು. ನೇತ್ರಾಳ ದನಿ ಕೇಳಿ ಕತ್ತೆತ್ತಿ ಕೆನೆಯಿತು. ಅವಳು ಓಡಿಹೋಗಿ ಅದರ ಕತ್ತು ತಬ್ಬಿಕೊಂಡಳು. ನಿಂಗಣ್ಣ ಅವಳ ಹಿಂದೆಯೇ ಒಳಗೆ ಕಾಲಿಟ್ಟ. ಅಬ್ಬಲಿ ಸೋಗೆ ಬಿಟ್ಟು, ಗೋಡೆಗೆ ಮೈ ಒತ್ತಿಕೊಂಡು ನಿಂತಿತು. ಅವನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅದರ ಕಣ್ಣು ಅವನ ಕೈಯ ಮೇಲೇ ಇತ್ತು.

ಪಾಯಪ್ಪ ಜೀನು ತಂದುಕೊಟ್ಟ. ನಿಂಗಣ್ಣ ಅದನ್ನು ನೆಲದ ಮೇಲೆ ಬೋರಲು ಹಾಕಿ, ಕುಡಗೋಲು ಕೇಳಿ ತೆಗೆದುಕೊಂಡು, ತಾನೇ ಹೊಲಿದ ಹೊಲಿಗೆ ಹರಿದ. ಒಳಗಿನಿಂದ ನೂಲು ಬರಲಿಲ್ಲ. ಗಟ್ಟಿ ಗಂಟುಗಳು ಉದುರಿದವು, ಎರಡು ಬದಿಯಿಂದಲೂ, ಬೆನ್ನೆಲುಬಿನ ಅಕ್ಕಪಕ್ಕ ಕೂರುವ ಕಡೆಯಿಂದ.

"ಆಕಿದು ಚಾಳಿ ಅಲ್ಲವ್ವಾ, ನೋವು," ಅಂದ ನಿಂಗಣ್ಣ. "ಗಂಜಿ ನೂಲ ತುಂಬಿದಾಂವ ನಾನ. ಬೆವರಿಗೆ ನೆನದು ಕಲ್ಲಾಗ್ಯಾವ. ಆ ಸುಳಿನೂ ಈ ಗಂಟ ಮಾಡಿದ್ದು. ನಿಂದ ಏನೂ ತಪ್ಪಿಲ್ಲ."

ನೇತ್ರಾ ಬಗ್ಗಿ ಒಂದು ಗಂಟು ಎತ್ತಿಕೊಂಡಳು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಅರ್ಥಮಾಡಿಕೊಳ್ಳಲು ಪ್ರಯತ್ನಿಸುವ ಕಷ್ಟವಿತ್ತು.

"ಡಾಕ್ಟರ್ ಜೀನ ನೋಡಿದ್ರು ಅಂತ ಹೇಳಿದ್ಯಲ್ಲಪಾ?"

"ನೋಡಿಲ್ಲ. ತೋರಸ್ರಿ ಅಂದ್ರು, ನಾ ತೋರಿಸಲಿಲ್ಲ. ಮನ್ಯಾಗ ಇಲ್ಲ ಅಂದೆ. ನಿನಗ ಹೇಳಿದ್ದೂ ಸುಳ್ಳು."

ಮುಂದೆ ಏನೋ ಹೇಳಬೇಕೆಂದಿದ್ದ. ಯಾಕೆ ತೋರಿಸಲಿಲ್ಲ ಅನ್ನುವುದಕ್ಕೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆದರೆ ಅವಳು ಯಾಕೆ ಅಂತ ಕೇಳಲೇ ಇಲ್ಲ. ಗಂಟನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅಬ್ಬಲಿಯ ಬೆನ್ನ ಮೇಲೆ ಕೈಯಾಡಿಸಿದಳು. ಹೊಸ ಕೂದಲು ಬಂದು ಸುಳಿ ಅರ್ಧ ಅಳಿಸಿತ್ತು. ಅವಳು ಒತ್ತಿ ನೋಡಿದಳು. ಅಬ್ಬಲಿ ಕಿವಿ ಅಲ್ಲಾಡಿಸಿ ಸುಮ್ಮನೆ ನಿಂತಿತು. ನೇತ್ರಾಳ ಹೆಗಲು ನಡುಗುವುದು ಹಿಂದಿನಿಂದ ಕಾಣುತ್ತಿತ್ತು. ಅಳುತ್ತಿದ್ದಾಳೆ ಅಂತ ನಿಂಗಣ್ಣನಿಗೆ ತಿಳಿಯಿತು.

ಪಾಯಪ್ಪ ಒಳ್ಳೆಯ ಮನುಷ್ಯ. ಜೀನು ಹಾಕಿದ ಎರಡನೆಯ ದಿನವೇ ಅದು ನರಳುವುದು ಕೇಳಿ ಅವನು ಏರುವುದನ್ನೇ ಬಿಟ್ಟಿದ್ದ. ಅವನ ಮನೆಯಲ್ಲಿ ಬಾರಕೋಲು ಅನ್ನುವ ವಸ್ತುವೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಹುಟ್ಟಿದ್ದು ನಿಮ್ಮಲ್ಲೇ ಇರಲಿ, ಹುಡುಗಿ ಇಷ್ಟು ಹಚ್ಚಿಕೊಂಡಿದ್ದಾಳೆ, ಕರೆದುಕೊಂಡು ಹೋಗಿರಿ, ನನ್ನ ಅಡ್ಡಿಯಿಲ್ಲ ಅಂದ. ನಿಂಗಣ್ಣನ ಎದೆಯ ಮೇಲಿನ ಭಾರ ಒಮ್ಮೆಗೇ ಇಳಿದಂತಾಯಿತು. ಅವನು ಕಾಯುತ್ತಿದ್ದದ್ದು ಇದೇ ಮಾತಿಗೆ. ಕುರುಬರ ಕಡೆಯಿಂದ ಉಣ್ಣೆ ತರಿಸುವುದು, ಡಾಕ್ಟರನ್ನು ಕರೆಸಿ ಕೈಮುಗಿದು ನಿಜ ಹೇಳುವುದು, ದಿನಾ ತನ್ನ ಕೈಯಿಂದಲೇ ಮೇವು ತಿನ್ನಿಸುವುದು, ಎಲ್ಲ ಆ ಒಂದು ಗಳಿಗೆಯಲ್ಲಿ ಅವನ ತಲೆಯೊಳಗೆ ಆಗಿಹೋಯಿತು.

ನೇತ್ರಾ ಓಢಣಿಯಿಂದ ಮುಖ ಒರೆಸಿಕೊಂಡು ತಿರುಗಿದಳು.

"ಬ್ಯಾಡ ಕಾಕಾ, ಇಲ್ಲೇ ಇರಲಿ. ನಾ ರವಿವಾರಕ್ಕೊಮ್ಮೆ ಬಸ್ಸಿಗೆ ಬಂದು ನೋಡಿ ಹೊಕ್ಕೇನಿ. ಮನಿಗೆ ಬಂದ್ರ ಆಕಿ ದಿನಾ ಅಪ್ಪನ್ನ ನೋಡಬೇಕಾಕ್ಕೈತಿ."

ಕೊಂಕಿನಿಂದ ಅಂದ ಮಾತಲ್ಲ. ಕುದುರೆಗೆ ಯಾವುದು ಸರಿ ಅಂತ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಬೈದಿದ್ದರೆ ನಿಂಗಣ್ಣ ಬೈಸಿಕೊಳ್ಳುತ್ತಿದ್ದ. ಅತ್ತು ಎದೆಗೆ ಗುದ್ದಿದ್ದರೆ ಗುದ್ದಿಸಿಕೊಳ್ಳುತ್ತಿದ್ದ. ಪಾಯಪ್ಪ ಇಬ್ಬರ ಮುಖವನ್ನೂ ನೋಡಿ, ಚಹಾ ಮಾಡಿಸುತ್ತೇನೆ ಅಂತ ಮನೆಯ ಕಡೆ ಹೋದ.

ನೇತ್ರಾ ಒಂದು ಸೋಗೆ ತೆಗೆದು ಅಬ್ಬಲಿಯ ಬಾಯಿಗೆ ಹಿಡಿದಳು. ಅಬ್ಬಲಿ ಮೂಸಲೂ ಇಲ್ಲ. ಗೋಡೆಗೆ ಒತ್ತಿಕೊಂಡು ನಿಂಗಣ್ಣನನ್ನೇ ನೋಡುತ್ತಿತ್ತು.

"ಅಪ್ಪಾ, ನೀ ಸ್ವಲ್ಪ ಹಿಂದ ಸರಿ," ಅಂದಳು ನೇತ್ರಾ ಮೆಲ್ಲಗೆ. "ಆಕಿ ತಿನ್ನವಲ್ಲಳು."

ನಿಂಗಣ್ಣ ಬಾಗಿಲಿನ ತನಕ ಸರಿದ. ಅಬ್ಬಲಿ ನೋಡುತ್ತಲೇ ಇತ್ತು. ಅಂಗಳಕ್ಕೆ ಇಳಿದು ನಿಂತ. ಆಗಲೂ ಅದು ಬಾಯಿ ತೆರೆಯಲಿಲ್ಲ. ಅಂಗಳದ ಆಚೆ ಕಬ್ಬು ತುಂಬಿದ ಟ್ರೇಲರು ನಿಂತಿತ್ತು. ಅವನು ಅದನ್ನು ಸುತ್ತುಹಾಕಿ, ಕೊಟ್ಟಿಗೆಯಿಂದ ಕಾಣದ ಹಾಗೆ ಹಿಂದೆ ಹೋಗಿ ನಿಂತುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅಬ್ಬಲಿ ಸೋಗೆ ಅಗಿಯುವ ಸದ್ದು ಕೇಳಿಸಿತು. ಚಹಾ ತಂದ ಪಾಯಪ್ಪ ಎಲ್ಲಿದ್ದೀರಿ ಅಂತ ಕೂಗಿದಾಗಲೂ ಅವನು ಉತ್ತರ ಕೊಡಲಿಲ್ಲ. ಕುದುರೆಗೆ ತನ್ನ ದನಿ ಕೇಳಿಸಬಾರದು ಅಂತ.